ಮೆಟ್ರಿಕ್‌ನಿಂದ ಎಸ್.ಎಸ್.ಸಿ.ಯವರೆಗೆ: ಕೊನೆಯ ವರ್ಷದ ಭೂಗೋಳ

2020ನೆಯ ಇಸವಿಯ ಮಾರ್ಚ್ 23, ಸೋಮವಾರ. ಮಹಾರಾಷ್ಟ್ರದ ಎಸ್.ಎಸ್.ಸಿ. ಪರೀಕ್ಷೆಯ ಕೊನೆಯ ಪ್ರಶ್ನೆಪತ್ರಿಕೆ ಅಂದು ಆಗಬೇಕಿತ್ತು. ವಿಷಯ ಭೂಗೋಳ, ಅಂಕ 40, ಸಮಯ ಎರಡು ಗಂಟೆ. ಕೊರೋನಾ ರೋಗದ ಭೀತಿಯಿಂದ ಮೊದಲು ಅದನ್ನು ಮುಂದಕ್ಕೆ ಹಾಕಿದರು. ಏಪ್ರಿಲ್ 12ರಂದು ರದ್ದೇ ಮಾಡಿದರು. ಬೇರೆ ವಿಷಯಗಳಲ್ಲಿ ಬಂದ ಅಂಕಗಳ ಸರಾಸರಿಯನ್ನು ತೆಗೆದು ಭೂಗೋಳದ ಸ್ಥಾನದಲ್ಲಿ ಬರೆದುಕೊಟ್ಟರು. ಹೀಗೆ ಸುಮಾರು 17 ಲಕ್ಷ ಮಕ್ಕಳ ಅಂಕಪಟ್ಟಿಯಲ್ಲಿ ಭೂಗೋಳಕ್ಕೆ ಅಂಕ ಉಂಟು, ಉತ್ತರಪತ್ರಿಕೆ ಇಲ್ಲ. ಹೆಚ್ಚಿನ ಮನೆಗಳಲ್ಲಿ ಇದು ಸಂತೋಷದ ಸುದ್ದಿಯೇ ಆಗಿತ್ತು. ಗಣಿತದ ಪತ್ರಿಕೆ ಹೀಗೆ ರದ್ದಾಗಿದ್ದರೆ ಎಷ್ಟು ಗಲಭೆಯಾಗುತ್ತಿತ್ತೆಂದು ಯೋಚಿಸಿದರೆ, ಈ ವಿಷಯಕ್ಕೆ ನಾವು ಕೊಟ್ಟಿರುವ ಪಂಕ್ತಿ ಯಾವುದೆಂದು ತಿಳಿಯುತ್ತದೆ.

ಭೂಗೋಳ ಹಿಂದಿನಿಂದಲೂ ಕೊನೆಯ ಪಂಕ್ತಿಯ ವಿಷಯವೇ. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1859ರಲ್ಲಿ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆಯಿತು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಾಂಡಾರಕರ ಮೊದಲಾದವರು ಆ ಮೊದಲ ತಂಡದವರು. ಭಾಷೆ ಮತ್ತು ಗಣಿತಗಳಿಗೆ ಹೆಚ್ಚಿನ ಮರ್ಯಾದೆ; ಭೂಗೋಳ ಇತಿಹಾಸದ ಸೆರಗು ಹಿಡಿದು ಒಳಗೆ ಬಂದ ತಮ್ಮ. ಇಂಗ್ಲೆಂಡಿನ ಚರಿತ್ರೆಯನ್ನು ಓದುವವನಿಗೆ ಇಂಗ್ಲೆಂಡ್ ಎಲ್ಲಿದೆಯೆಂದು ಗೊತ್ತಿರಬೇಕು, ಅಷ್ಟೇ. ಭೂಶಿರಗಳು, ಕೊಲ್ಲಿಗಳು, ನದಿಗಳು, ಅವುಗಳ ದಡದ ಪಟ್ಟಣಗಳು: ಇವನ್ನು ಪಶ್ಚಿಮದಿಂದ ಪೂರ್ವಕ್ಕೆ ಮಗ್ಗಿಯಂತೆ ಒಪ್ಪಿಸಿದರೆ ಭೂಗೋಳ ಬಂತೆಂದು ಲೆಕ್ಕ. ಆ ನದಿಯಲ್ಲಿ ನೀರು ಯಾವ ಕಾಲದಲ್ಲಿ ಏರುತ್ತದೆ, ಆ ಪಟ್ಟಣ ಅಲ್ಲೇ ಏಕೆ ಬೆಳೆಯಿತು ಎಂಬ ಪ್ರಶ್ನೆಗಳಿಗೆ ಅಲ್ಲಿ ಎಡೆಯಿರಲಿಲ್ಲ.

ನಮ್ಮ ಕನ್ನಡ ಮಕ್ಕಳ ಪಾಡು ಇನ್ನೂ ವಿಚಿತ್ರ. ಒಂದೇ ಭಾಷೆಯನ್ನಾಡುವ ಹುಡುಗರು ಶಾಲೆಯ ಕೊನೆಯ ವರ್ಷದಲ್ಲಿ ಬೇರೆ ಬೇರೆ ಭೂಗೋಳಗಳನ್ನು ಓದಿ ಬೇರೆ ಬೇರೆ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಿದ್ದರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರಿಗೆ ಮುಂಬಯಿಯ ಮೆಟ್ರಿಕ್. ಮಂಗಳೂರು, ಉಡುಪಿ, ಬಳ್ಳಾರಿಯವರಿಗೆ ಮದರಾಸಿನ ಪರೀಕ್ಷೆ. ಮೈಸೂರಿನವರಿಗೆ ಅವರ ಸಂಸ್ಥಾನದ್ದು. ರಾಯಚೂರು, ಕಲಬುರ್ಗಿ, ಬೀದರದವರು ನಿಜಾಮರ ರಾಜ್ಯದವರು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಆರಂಭವಾದ ಮೇಲೆ ಅಲ್ಲಿಯ ಶಾಲೆಗಳಲ್ಲಿ ಈ ವಿಷಯದ ಹೆಸರೇ ‘ಜುಗ್ರಾಫಿಯಾ’. ಮನೆಯಲ್ಲಿ ಕೃಷ್ಣೆ, ಭೀಮೆ ಎಂದು ಕನ್ನಡದಲ್ಲಿ ಕರೆದ ಹೊಳೆಗಳನ್ನು ಶಾಲೆಯಲ್ಲಿ ಉರ್ದುವಿನಲ್ಲಿ ವರ್ಣಿಸಬೇಕಾಗಿತ್ತು.

ಇದರಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಾಣುವುದು ಕರಾವಳಿಯ ಕತೆ. ಕೆನರಾ ಜಿಲ್ಲೆ ಮೊದಲು ಒಂದೇ ಆಗಿತ್ತು, ಮದರಾಸಿಗೆ ಸೇರಿತ್ತು. ಅದನ್ನು ಎರಡಾಗಿ ಒಡೆದು 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಇಲಾಖೆಗೆ ವರ್ಗಾಯಿಸಿದರು. ಮ್ಯಾಂಚೆಸ್ಟರಿನ ಹತ್ತಿಯ ವ್ಯಾಪಾರಿಗಳಿಗೆ ಧಾರವಾಡದ ಹತ್ತಿ ಬೇಕಿತ್ತು. ಅದನ್ನು ಸಾಗಿಸಲು ಕಾರವಾರದ ಬಂದರು ಬೇಕಿತ್ತು. ಹತ್ತಿಯ ಹೊಲ ಮತ್ತು ಬಂದರು ಎರಡೂ ಒಂದೇ ಸರಕಾರದ ಕೈಯಲ್ಲಿರಲಿ ಎಂಬುದು ಅವರ ಒತ್ತಾಯ. ಇದರ ಫಲವಾಗಿ ಅಕ್ಕಪಕ್ಕದ ತಾಲೂಕುಗಳಾದ ಭಟ್ಕಳ ಮತ್ತು ಕುಂದಾಪುರಗಳ ನಡುವೆ ಒಂದು ಇಲಾಖೆಯ ಗಡಿ ಬಿತ್ತು. ಸುಮಾರು 94 ವರ್ಷಗಳ ಕಾಲ ಭಟ್ಕಳದ ಹುಡುಗನ ರಾಜಧಾನಿ ಮುಂಬಯಿ, ಕುಂದಾಪುರದ ಹುಡುಗನ ರಾಜಧಾನಿ ಮದರಾಸು. ಇಬ್ಬರೂ ತಿನ್ನುತ್ತಿದ್ದುದು ಅದೇ ಕುಚ್ಚಿಗೆ ಅಕ್ಕಿಯ ಗಂಜಿ.

ಮುಂಬಯಿ ಇಲಾಖೆಯೋ ಅಗಾಧವಾದದ್ದು. 1936ರವರೆಗೆ ಸಿಂಧ್ ಪ್ರಾಂತ ಅದರಲ್ಲೇ ಇತ್ತು. ಅದಕ್ಕೆ ಕೆಲವು ವರ್ಷ ಮೊದಲಿನವರೆಗೆ ಅರಬಸ್ತಾನದ ಏಡನ್ ಕೂಡ ಮುಂಬಯಿಯ ಆಡಳಿತದಲ್ಲಿತ್ತು. ಆದ್ದರಿಂದ ಗದಗಿನಲ್ಲೋ ಹಾವೇರಿಯಲ್ಲೋ ಕುಳಿತ ವಿದ್ಯಾರ್ಥಿ ಕರಾಚಿಯನ್ನು ತನ್ನ ಪ್ರಾಂತದ ಬಂದರೆಂದೂ, 1932ರಲ್ಲಿ ಸಿಂಧೂ ನದಿಗೆ ಕಟ್ಟಿ ಮುಗಿಸಿದ ಸುಕ್ಕೂರಿನ ಅಣೆಯನ್ನು ತನ್ನ ಪ್ರಾಂತದ ನೀರಾವರಿಯೆಂದೂ ಕಲಿತನು. ಅವನ ಊರಿಗೆ ಎಷ್ಟೋ ಹತ್ತಿರವಿದ್ದ ಹೊಸಪೇಟೆ ಮದರಾಸಿನದು, ಶಿವಮೊಗ್ಗೆ ಮೈಸೂರಿನದು. ಅವು ಪುಸ್ತಕದಲ್ಲಿ ಪರಸ್ಥಳಗಳು. ಆಲೂರು ವೆಂಕಟರಾಯರಂಥವರು ಕರ್ನಾಟಕದ ಏಕೀಕರಣಕ್ಕಾಗಿ ಹೋರಾಡಿದ್ದನ್ನು ನಾವು ಸಾಮಾನ್ಯವಾಗಿ ಭಾಷೆಯ ಅಭಿಮಾನವೆಂದೇ ವಿವರಿಸುತ್ತೇವೆ. ಶಾಲೆಯ ಗೋಡೆಯ ಮೇಲೆ ತನ್ನ ನಾಡು ಎಂಬುದು ಒಂದು ಬಣ್ಣದಲ್ಲಿ ಎಲ್ಲೂ ಕಾಣದ ಸಂಕಟವೂ ಅದರಲ್ಲಿತ್ತು.

ಶಬ್ದಗಳ ವಿಷಯವನ್ನೂ ಹೇಳಬೇಕು. ಹೈಸ್ಕೂಲಿನ ಪಾಠ ಬಹಳ ಕಾಲ ಇಂಗ್ಲಿಷಿನಲ್ಲೇ ನಡೆಯಿತು. ಆದರೆ ಕೆಳಗಿನ ಇಯತ್ತೆಗಳಲ್ಲಿ, ಮುಲ್ಕಿ ಪರೀಕ್ಷೆಯವರೆಗೆ, ಕನ್ನಡದ ಭೂಗೋಳ ಪುಸ್ತಕಗಳಿದ್ದವು. ಮುಂಬಯಿ ಇಲಾಖೆಯ ಪಾರಿಭಾಷಿಕ ಶಬ್ದಗಳ ಮೇಲೆ ಮರಾಠಿಯ ನೆರಳು ಬಿದ್ದದ್ದು ಸಹಜ. ಅಲ್ಲಿ ಗೋಡೆಗೆ ತೂಗುವುದು ‘ನಕಾಶೆ’, ಮೈಸೂರಿನ ಕಡೆ ‘ಭೂಪಟ’. ಮರಾಠಿಯಲ್ಲಿ ಬಂಗಾಲದ ‘ಉಪಸಾಗರ’, ಕಚ್ಛದ ‘ಆಖಾತ’. ನಮ್ಮಲ್ಲಿ ಎರಡಕ್ಕೂ ‘ಕೊಲ್ಲಿ’ ಸಾಕು. ಅವರ ‘ಸಾಮುದ್ರಧುನಿ’ ನಮ್ಮ ‘ಜಲಸಂಧಿ’. ಅವರ ‘ದ್ವೀಪಕಲ್ಪ’ವನ್ನು ನಮ್ಮವರು ‘ಪರ್ಯಾಯ ದ್ವೀಪ’ ಎಂದೂ ಮಾಡಿಕೊಂಡರು. ಮುಂಬಯಿಯಲ್ಲಿ ಬೆಳೆದ ಕನ್ನಡ ಮಕ್ಕಳಿಗೆ ಠಾಣೆಯ ‘ಖಾಡಿ’ ಖಾಡಿಯೇ; ಅದಕ್ಕೆ ಬೇರೆ ಹೆಸರಿಡಲು ಹೋದರೆ ನಗುತ್ತಾರೆ.

ಇಷ್ಟೆಲ್ಲ ಸಂಸ್ಕೃತ ಶಬ್ದಗಳನ್ನು ಟಂಕಿಸಿದ ಪಂಡಿತರು ಕರಾವಳಿಯ ಜನರ ಬಾಯಲ್ಲಿ ಏನಿದೆಯೆಂದು ಅಷ್ಟಾಗಿ ಕೇಳಿದಂತಿಲ್ಲ. ಹೊಳೆ ಸಮುದ್ರ ಸೇರುವ ಬಾಯಿಗೆ ‘ಅಳಿವೆ’ ಎಂಬ ಒಳ್ಳೆಯ ಮಾತಿದೆ. ಹೊಳೆಯ ನಡುವೆ ಮಣ್ಣು ನಿಂತು ಆದ ನಡುಗಡ್ಡೆಗೆ ‘ಕುದ್ರು’. ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ಎಂಬ ಊರಿನ ಹೆಸರಿನಲ್ಲೇ ಭೂಗೋಳದ ಪಾಠವಿದೆ. ಅಳಿವೆಯ ಮುಂದೆ ಅಲೆ ಮತ್ತು ಹೊಳೆ ಸೇರಿ ನೀಳವಾಗಿ ಹಾಸುವ ಮರಳ ದಿಣ್ಣೆಗೆ ‘ಬೇಂಗ್ರೆ’. ಮಂಗಳೂರಿನ ಎದುರಿಗೆ ಒಂದು ಬೇಂಗ್ರೆ, ಸ್ವರ್ಣಾ ಸೀತಾ ನದಿಗಳು ಕಡಲು ಸೇರುವಲ್ಲಿ ಕೋಡಿಬೇಂಗ್ರೆ. ಮರಾಠಿ ಪುಸ್ತಕ ಇದನ್ನೇ ‘ಮರಳಿನ ದಂಡ’ ಎಂಬರ್ಥದ ಮಾತಿನಿಂದ ಕರೆಯುತ್ತದೆ. ಕಪ್ಪು ಮಣ್ಣಿಗೆ ಬಯಲುಸೀಮೆಯ ರೈತ ‘ಎರೆ’ ಎನ್ನುತ್ತಾನೆ, ಪುಸ್ತಕ ‘ರೇಗೂರ್’ ಎನ್ನುತ್ತದೆ. ನಮ್ಮ ಮನೆಗಳ ಗೋಡೆಯ ಮುರಕಲ್ಲು ಪುಸ್ತಕದಲ್ಲಿ ‘ಲ್ಯಾಟರೈಟ್’ ಆಗಿದೆ. ಆ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ಮರುವರ್ಷ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ 1807ರಲ್ಲಿ ತನ್ನ ಪ್ರವಾಸಗ್ರಂಥವನ್ನು ಅಚ್ಚು ಹಾಕಿಸಿದವನು. ಮಲಬಾರಿನ ಅಂಗಾಡಿಪುರದಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕತ್ತರಿಸುವುದನ್ನು ಕಂಡು, ಇಟ್ಟಿಗೆಯ ಲ್ಯಾಟಿನ್ ಹೆಸರನ್ನೇ ಅದಕ್ಕಿಟ್ಟನು. ಇಂದು ಬ್ರೆಜಿಲಿನಲ್ಲೂ ಆಫ್ರಿಕಾದಲ್ಲೂ ಈ ಮಣ್ಣಿಗೆ ಅದೇ ಹೆಸರು. ನಮ್ಮ ಕರಾವಳಿಯ ಕಲ್ಲುಗಾರರು ಜಗತ್ತಿನ ಭೂಗೋಳಕ್ಕೆ ಕೊಟ್ಟ ಕಾಣಿಕೆ ಇದೆಂದರೆ ಹೆಚ್ಚಾಗದು.

ಇನ್ನು ನಕ್ಷೆಯ ಮಾತು. ಭೂಗೋಳದ ಪತ್ರಿಕೆಯಲ್ಲಿ ಹುಡುಗರು ಪ್ರೀತಿಸುವ ಪ್ರಶ್ನೆಯೊಂದಿದ್ದರೆ ಅದು ನಕ್ಷೆಯಲ್ಲಿ ಗುರುತಿಸುವ ಪ್ರಶ್ನೆ. ಪ್ಲಾಸ್ಟಿಕ್ ಅಚ್ಚನ್ನಿಟ್ಟು ಪೆನ್ಸಿಲು ಸುತ್ತಿದರೆ ಭಾರತ ಮೂಡುತ್ತದೆ. ಪೂರ್ತಿ ಅಂಕ ಸಿಗುವ ಪ್ರಶ್ನೆ ಇದೊಂದೇ. ಆದರೆ ಆ ಅಚ್ಚು ಎಷ್ಟು ಸಲ ಬದಲಾಯಿತೆಂದು ನೋಡಿದರೆ ಬೆರಗಾಗುತ್ತದೆ. 1947ರ ಮಾರ್ಚಿನಲ್ಲಿ ಮೆಟ್ರಿಕ್‌ಗೆ ಕುಳಿತವನ ಭಾರತ ಪೇಶಾವರದಿಂದ ಚಿತ್ತಗಾಂಗಿನವರೆಗೆ. ಮರುವರ್ಷ ಕುಳಿತ ಅವನ ತಮ್ಮನಿಗೆ ಹಾಗಲ್ಲ. ಅಣ್ಣನ ಅಟ್ಲಾಸು ಅವನಿಗೆ ಉಪಯೋಗಕ್ಕೆ ಬರಲಿಲ್ಲ. 1953ರಲ್ಲಿ ಆಂಧ್ರ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ, 1960ರಲ್ಲಿ ಮಹಾರಾಷ್ಟ್ರ ಮತ್ತು ಗುಜರಾತ, 1961ರಲ್ಲಿ ಗೋವೆಯ ಬಿಡುಗಡೆ, 1966ರಲ್ಲಿ ಹರಿಯಾಣ, 1972ರಲ್ಲಿ ಈಶಾನ್ಯದ ರಾಜ್ಯಗಳು, 1975ರಲ್ಲಿ ಸಿಕ್ಕಿಂ. 2000ದಲ್ಲಿ ಮೂರು ಹೊಸ ರಾಜ್ಯಗಳು, 2014ರಲ್ಲಿ ತೆಲಂಗಾಣ, 2019ರ ಅಕ್ಟೋಬರ್ 31ರಂದು ಜಮ್ಮು ಕಾಶ್ಮೀರದ ವಿಭಜನೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಮುಂದಿನ ಮಾರ್ಚಿನ ಉತ್ತರಪತ್ರಿಕೆಯಲ್ಲಿ ಹಳೆಯ ಹೆಸರು ಬರೆದವರೂ ಇದ್ದಿರಬೇಕು. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಬೇರೆ ಜಿಲ್ಲೆಯಾಯಿತು. 2014ರಲ್ಲಿ ಬೆಂಗಳೂರು, ಮಂಗಳೂರು, ಬೆಳಗಾವಿ ಮುಂತಾದ 12 ಊರುಗಳಿಗೆ ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರ ದೊರೆಯಿತು.

ಇವೆಲ್ಲವುಗಳಲ್ಲಿ ಮುಂಬಯಿಯ ಕನ್ನಡಿಗರ ಬಾಳಿಗೆ ನೇರವಾಗಿ ತಾಗಿದ್ದು 1956ರ ನವೆಂಬರ್ 1. ಅದರ ಹಿಂದಿನ ದಿನದವರೆಗೆ ಧಾರವಾಡದಿಂದ ಬಂದು ಪರೇಲಿನಲ್ಲಿ ನೆಲೆಸಿದವನು ತನ್ನ ರಾಜ್ಯದ ರಾಜಧಾನಿಯಲ್ಲಿದ್ದವನು. ಊರಿನಲ್ಲಿ ಕಲಿತ ಮೆಟ್ರಿಕ್, ಇಲ್ಲಿಯ ಕಚೇರಿಯ ಮೆಟ್ರಿಕ್ ಒಂದೇ. ನೌಕರಿಗೆ ಅರ್ಜಿ ಹಾಕುವಾಗ ಯಾರೂ ಅವನನ್ನು ಪರರಾಜ್ಯದವನೆನ್ನುವಂತಿರಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ, ಇದ್ದಲ್ಲಿಂದ ಒಂದು ಹೆಜ್ಜೆಯನ್ನೂ ಇಡದೆ, ಅವನು ಹೊರನಾಡ ಕನ್ನಡಿಗನಾದ. ಏಕೀಕರಣಕ್ಕಾಗಿ ಮುಂಬಯಿಯಲ್ಲಿ ಸಭೆ ನಡೆಸಿ ಹಣ ಕೂಡಿಸಿದವರೇ ಅದರಿಂದ ಹೊರಗುಳಿದರು. ಅವರು ಅದಕ್ಕಾಗಿ ದುಃಖಿಸಿದ್ದಕ್ಕಿಂತ ಹಬ್ಬ ಆಚರಿಸಿದ್ದೇ ಹೆಚ್ಚು. ದಕ್ಷಿಣ ಕನ್ನಡದಿಂದ ಬಂದವರಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಅವರು ಮೊದಲೂ ಮದರಾಸಿನವರು, ಇಲ್ಲಿಗೆ ಹೊರಗಿನವರೇ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡಿಗರದ್ದು ಮೂರನೆಯ ಬಗೆ: ಅವರು ವಲಸೆ ಬಂದವರೇ ಅಲ್ಲ, ಗಡಿಯೇ ಅವರ ಆಚೆಗೆ ಸರಿದುಹೋಯಿತು.

ಈ ಮಕ್ಕಳಿಗೆಲ್ಲ ಕನ್ನಡದಲ್ಲಿ ಪಾಠಪುಸ್ತಕ ಬೇಕಲ್ಲ? ಇಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ಸಲ್ಲಬೇಕಾದ ಶ್ರೇಯಸ್ಸನ್ನು ಸಲ್ಲಿಸಲೇಬೇಕು. 1948ರ ಕಾಯಿದೆಯಿಂದ ಶಾಲಾಂತ ಪರೀಕ್ಷೆ ವಿಶ್ವವಿದ್ಯಾಲಯದ ಕೈಯಿಂದ ಬಿಟ್ಟು ಎಸ್.ಎಸ್.ಸಿ. ಆಯಿತು. 1966ರಲ್ಲಿ ರಾಜ್ಯದ ಪರೀಕ್ಷಾ ಮಂಡಳ ಬಂತು. 1967ರ ಜನವರಿಯಲ್ಲಿ ಪುಣೆಯಲ್ಲಿ ‘ಬಾಲಭಾರತಿ’ ಸ್ಥಾಪನೆಯಾಯಿತು. ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿ, ಸಿಂಧಿ, ತೆಲುಗುಗಳ ಜೊತೆಗೆ ಕನ್ನಡದಲ್ಲೂ ಅದು ಪುಸ್ತಕ ಪ್ರಕಟಿಸುತ್ತ ಬಂದಿದೆ. ಒಂದು ರಾಜ್ಯ ಎಂಟು ಭಾಷೆಗಳಲ್ಲಿ ಪಾಠಪುಸ್ತಕ ಅಚ್ಚು ಹಾಕಿಸುವುದು ಸಣ್ಣ ಕೆಲಸವಲ್ಲ.

ಭೂಗೋಳದ ಸ್ಥಾನ ಮಾತ್ರ ಈ ಬದಲಾವಣೆಗಳಲ್ಲಿ ಮೇಲೇರಲಿಲ್ಲ. 1952-53ರ ಮುದಲಿಯಾರ್ ಆಯೋಗ ಇತಿಹಾಸ, ಭೂಗೋಳ, ಪೌರನೀತಿಗಳನ್ನು ಕೂಡಿಸಿ ‘ಸಮಾಜ ಪರಿಚಯ’ ಎಂದು ಒಂದೇ ಗಂಟು ಕಟ್ಟಲು ಸೂಚಿಸಿತು. ಉದ್ದೇಶ ಒಳ್ಳೆಯದೇ ಇರಬಹುದು. ಗಂಟಿನಲ್ಲಿ ಅಡಿಗೆ ಬಿದ್ದದ್ದು ಭೂಗೋಳ. 1964-66ರ ಕೊಠಾರಿ ಆಯೋಗದ ಶಿಫಾರಸಿನಂತೆ ಹತ್ತು ವರ್ಷಗಳ ಶಾಲೆ ಬಂದಾಗ, ಹಿಂದೆ ಹನ್ನೊಂದನೆಯ ಇಯತ್ತೆಯಲ್ಲಿ ಮುಗಿಯುತ್ತಿದ್ದುದು 1970ರ ದಶಕದ ನಡುವೆ ಹತ್ತನೆಯದಕ್ಕೆ ಇಳಿಯಿತು. ಹೆಚ್ಚಿನ ಮಕ್ಕಳು ಭೂಗೋಳವನ್ನು ಓದುವುದು ಅಲ್ಲಿಗೇ ಕೊನೆ. ವಿಜ್ಞಾನಕ್ಕೋ ವಾಣಿಜ್ಯಕ್ಕೋ ಹೋದವನು ಮತ್ತೆ ಜೀವಮಾನದಲ್ಲಿ ಅಟ್ಲಾಸು ತೆರೆಯುವುದಿಲ್ಲ. ಹಾಗಿರುವುದರಿಂದಲೇ ಆ ಕೊನೆಯ ವರ್ಷದಲ್ಲಿ ಏನು ಹೇಳಿಕೊಡುತ್ತಾರೆಂಬುದು ಮುಖ್ಯ.

ಮುಂಬಯಿಯ ಕನ್ನಡ ರಾತ್ರಿಶಾಲೆಗಳ ವಿಷಯ ಬಲ್ಲವರಿಗೆ ಇನ್ನೊಂದು ನೆನಪು ಬರದಿರದು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು ರಾತ್ರಿ ಎಸ್.ಎಸ್.ಸಿ.ಗೆ ಓದಿದ ಹುಡುಗರಿಗೆ ಇಂಗ್ಲಿಷು ಕಬ್ಬಿಣದ ಕಡಲೆ, ಗಣಿತ ಅದಕ್ಕಿಂತ ಗಟ್ಟಿ. ಭೂಗೋಳದಲ್ಲಿ ಮಾತ್ರ ಅವರು ಹಗಲು ಶಾಲೆಯ ಮಕ್ಕಳಿಗೆ ಸಾಟಿ. ಘಟ್ಟ ಹತ್ತಿ ರೈಲು ಹಿಡಿದೋ, ಕರಾವಳಿಯ ಉಗಿಹಡಗಿನಲ್ಲಿ ಬಂದರಿಂದ ಬಂದರಿಗೆ ತಂಗುತ್ತಲೋ ಮುಂಬಯಿಗೆ ಬಂದವರಿಗೆ ಪಶ್ಚಿಮ ಕರಾವಳಿಯ ನದೀಮುಖಗಳನ್ನು ಉತ್ತರದಿಂದ ದಕ್ಷಿಣಕ್ಕೆ ಹೇಳೆಂದರೆ ಕಷ್ಟವೇ? ಕಾಲಿನಿಂದ ಕಲಿತದ್ದನ್ನು ಕೈಯಿಂದ ಬರೆಯುತ್ತಿದ್ದರು.

ಪುಸ್ತಕದ ಒಳಗಿನ ಸಂಗತಿಗಳೂ ಸ್ಥಿರವಲ್ಲ. ದಖ್ಖಣದ ಪ್ರಸ್ಥಭೂಮಿ ಜಗತ್ತಿನ ಅತಿ ಪ್ರಾಚೀನ, ಅಚಲವಾದ ಭೂಭಾಗ; ಭೂಕಂಪಗಳು ಹಿಮಾಲಯದ ಪಾಡು: ಹೀಗೆಂದು ಬಹಳ ಕಾಲ ಕಲಿಸುತ್ತಿದ್ದರು. 1967ರ ಡಿಸೆಂಬರ್ 11ರ ಬೆಳಗಿನ ಜಾವ ಕೊಯನೆಯಲ್ಲಿ ನೆಲ ನಡುಗಿ 150ಕ್ಕೂ ಹೆಚ್ಚು ಮಂದಿ ಸತ್ತರು. ಮುಂಬಯಿಯ ಚಾಳುಗಳಲ್ಲಿ ಪಾತ್ರೆಗಳು ಉರುಳಿದವು. ಅಣೆಕಟ್ಟಿನ ನೀರಿನ ಭಾರಕ್ಕೂ ಭೂಕಂಪಕ್ಕೂ ಸಂಬಂಧವುಂಟೇ ಎಂದು ಜಗತ್ತಿನ ವಿಜ್ಞಾನಿಗಳು ಇಂದಿಗೂ ಕೊಯನೆಯನ್ನು ಅಭ್ಯಸಿಸುತ್ತಾರೆ. 1993ರ ಸೆಪ್ಟೆಂಬರ್ 30ರಂದು, ಗಣಪತಿಯನ್ನು ಬಿಟ್ಟು ಬಂದು ಜನ ಮಲಗಿದ್ದ ರಾತ್ರಿ, ಲಾತೂರಿನ ಕಿಲ್ಲಾರಿಯಲ್ಲಿ ಸುಮಾರು 10,000 ಮಂದಿ ಮಣ್ಣುಕಲ್ಲಿನ ಮನೆಗಳಡಿಯಲ್ಲಿ ಹೂತುಹೋದರು. ‘ಅಚಲ’ ಎಂಬ ವಿಶೇಷಣವನ್ನು ಇನ್ನು ಯಾವ ಮೇಷ್ಟ್ರೂ ಧೈರ್ಯವಾಗಿ ಉಚ್ಚರಿಸುವಂತಿಲ್ಲ.

ಖಂಡಗಳು ಸರಿಯುತ್ತವೆಂದು ವೆಗೆನರ್ 1912ರಲ್ಲಿ ಹೇಳಿದ್ದು 1960ರ ದಶಕದಲ್ಲಿ ಸಿದ್ಧವಾಯಿತು. ಶಾಲೆಯ ಪುಸ್ತಕಕ್ಕೆ ಬರಲು ಇನ್ನಷ್ಟು ಕಾಲ ಹಿಡಿಯಿತು. ಈ ಪಾಠಕ್ಕೆ ಸಾಕ್ಷಿ ಬೇಕಾದರೆ ನಮ್ಮವರು ದೂರ ಹೋಗಬೇಕಾಗಿಲ್ಲ. ಅಂಧೇರಿಯ ಗಿಲ್ಬರ್ಟ್ ಹಿಲ್ ಎಂಬ ಕಪ್ಪು ಕಂಬದಂಥ ಬಂಡೆ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ. 200 ಅಡಿ ಎತ್ತರದ ಅದರ ನೆತ್ತಿಯಲ್ಲಿ ದೇವಿಯ ಗುಡಿಯಿದೆ, ಸುತ್ತ ಕಟ್ಟಡಗಳು ಮುತ್ತಿವೆ. ಊರಿಗೆ ಹೋದಾಗ ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೇಂಟ್ ಮೇರಿ ದ್ವೀಪವನ್ನು ನೋಡಿ. ಅಲ್ಲಿಯೂ ಜೋಡಿಸಿಟ್ಟ ಕಂಬಗಳಂಥ ಕಲ್ಲುಗಳು. ಆದರೆ ಅವು ಇನ್ನೂ ಹಳೆಯವು, ಸುಮಾರು 8.8 ಕೋಟಿ ವರ್ಷಗಳವು, ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದವು. ಇದ್ದೂರಿನ ಕಲ್ಲಿಗೂ ಹುಟ್ಟೂರಿನ ಕಲ್ಲಿಗೂ ಎರಡು ಕೋಟಿ ವರ್ಷಗಳಿಗೂ ಮೀರಿದ ಅಂತರ. ಎರಡನ್ನೂ ಕಂಡ ಮಗುವಿಗೆ ಪುಸ್ತಕದ ಆ ಪುಟ ತಾನಾಗಿ ತೆರೆದುಕೊಳ್ಳುತ್ತದೆ.

ನಮ್ಮ ಶಾಲಾ ಭೂಗೋಳದ ದೊಡ್ಡ ಕೊರತೆ ತಿಳಿದುಬಂದದ್ದು 2005ರ ಜುಲೈ 26ರಂದು. ಸಾಂತಾಕ್ರೂಜಿನ ವೀಕ್ಷಣಾಲಯದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಆಗುಂಬೆ, ಮಹಾಬಳೇಶ್ವರಗಳ ಮಳೆಯ ಅಂಕಿಗಳನ್ನು ಬಾಯಿಪಾಠ ಮಾಡಿದ್ದ ಮುಂಬಯಿಗರಿಗೆ ತಮ್ಮ ಊರಿನಲ್ಲಿ ಒಂದು ನದಿಯಿದೆಯೆಂಬುದು ಅಂದು ಗೊತ್ತಾಯಿತು. ಮಿಠಿ ನದಿ. ಪವಯಿ ಮತ್ತು ವಿಹಾರ ಕೆರೆಗಳ ಕೋಡಿ ನೀರಿನಿಂದ ಹುಟ್ಟಿ, ಸುಮಾರು 18 ಕಿಲೋಮೀಟರ್ ಹರಿದು, ಮಾಹಿಮಿನ ಖಾಡಿಯಲ್ಲಿ ಕಡಲಿಗೆ ಸೇರುತ್ತದೆ. ನೈಲ್ ಎಲ್ಲಿ ಹುಟ್ಟುತ್ತದೆಂದು ಬರೆದು ಪಾಸಾದ ತಲೆಮಾರುಗಳಿಗೆ ಮಿಠಿ ಬರಿಯ ಕೊಳಚೆಯ ನಾಲೆ. ಅದರ ಪಾತ್ರವನ್ನು ಒತ್ತಿ, ಮ್ಯಾಂಗ್ರೋವ್ ಕಾಡನ್ನು ತುಂಬಿಸಿ ಕಟ್ಟಿದ ಜಾಗಗಳಲ್ಲೇ ಅಂದು ನೀರು ನಿಂತಿತು. ಕುರ್ಲಾ, ಕಲಿನಾ, ಸಾಯನ್‌ಗಳಲ್ಲಿ ಜನ ರಾತ್ರಿಯಿಡೀ ಮಾಳಿಗೆಗಳ ಮೇಲೆ ಕಳೆದರು. ನಗರದಲ್ಲಿ ನೂರಾರು ಮಂದಿ ಸತ್ತರು. ತನ್ನ ಚಾಳು ಸಮುದ್ರಮಟ್ಟದಿಂದ ಎಷ್ಟು ಅಡಿ ಎತ್ತರದಲ್ಲಿದೆ, ಭರತ ಎಷ್ಟು ಹೊತ್ತಿಗೆ ಏರುತ್ತದೆ ಎಂಬುದು ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಯಾಗಿರಲಿಲ್ಲ.

ತನ್ನ ನೆಲದ ವಿವರವಾದ ನಕ್ಷೆಯನ್ನು ನೋಡುವುದೂ ಸುಲಭವಿರಲಿಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆ 1767ರಿಂದ ಇದೆ. ಆದರೆ ಕರಾವಳಿಯಿಂದಲೂ ಗಡಿಯಿಂದಲೂ ಸುಮಾರು 80 ಕಿಲೋಮೀಟರ್ ಒಳಗಿನ ಪ್ರದೇಶದ ಸ್ಥಳವಿವರ ನಕ್ಷೆಗಳು ಭದ್ರತೆಯ ದೃಷ್ಟಿಯಿಂದ ನಿರ್ಬಂಧಿತವಾಗಿದ್ದವು. ಅಂದರೆ ಮುಂಬಯಿ, ಕಾರವಾರ, ಉಡುಪಿ, ಮಂಗಳೂರು ಎಲ್ಲವೂ ಆ ಪಟ್ಟಿಯೊಳಗೆ. ಸಮೋನ್ನತ ರೇಖೆಗಳನ್ನು ಓದಲು ಕಲಿಸುವ ಮೇಷ್ಟ್ರು ಎಲ್ಲೋ ಒಳನಾಡಿನ ಹಾಳೆಯನ್ನು ತರಬೇಕು. 2005ರ ನಕ್ಷಾ ನೀತಿ ಸಾರ್ವಜನಿಕರಿಗೆ ಬೇರೆ ಸರಣಿಯ ನಕ್ಷೆಗಳನ್ನು ಕೊಟ್ಟಿತು. 2021ರ ಫೆಬ್ರವರಿಯಲ್ಲಿ ನಿಯಮಗಳು ಇನ್ನಷ್ಟು ಸಡಿಲವಾದವು. ಅಷ್ಟರಲ್ಲಿ ಮಕ್ಕಳು ಉಪಗ್ರಹದ ಚಿತ್ರದಲ್ಲಿ ಅಜ್ಜನ ಮನೆಯ ಹೆಂಚನ್ನೂ ಅಂಗಳದ ಬಾವಿಯನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡತೊಡಗಿದ್ದರು.

2018ರಲ್ಲಿ ಮಹಾರಾಷ್ಟ್ರದ ಹತ್ತನೆಯ ಇಯತ್ತೆಗೆ ಹೊಸ ಭೂಗೋಳ ಪುಸ್ತಕ ಬಂತು. ಮೊದಲ ಪಾಠ ಕ್ಷೇತ್ರಭೇಟಿ. ಆಮೇಲಿನ ಪುಸ್ತಕವೆಲ್ಲ ಎರಡೇ ದೇಶಗಳದ್ದು: ಭಾರತ ಮತ್ತು ಬ್ರೆಜಿಲ್. ಸ್ಥಾನ, ಭೂರಚನೆ, ಹವೆ, ಕಾಡು, ಜನ, ವಸತಿ, ಉದ್ಯೋಗ, ಸಾರಿಗೆ, ಎಲ್ಲದರಲ್ಲೂ ಹೋಲಿಕೆ. ಬ್ರೆಜಿಲಿನ ವಿಸ್ತೀರ್ಣ 85 ಲಕ್ಷ ಚದರ ಕಿಲೋಮೀಟರ್, ನಮ್ಮದು ಸುಮಾರು 33 ಲಕ್ಷ; ಅಲ್ಲಿಯ ಜನಸಂಖ್ಯೆ 2010ರಲ್ಲಿ ಸುಮಾರು 19 ಕೋಟಿ, ಇಲ್ಲಿ 2011ರಲ್ಲಿ 121 ಕೋಟಿ. ಬ್ರೆಜಿಲನ್ನೇ ಏಕೆ ಆರಿಸಿದರೆಂದು ಪಾಲಕರು ಗೊಣಗಿದ್ದುಂಟು. ನನ್ನ ಮಟ್ಟಿಗೆ ಇದು ಒಳ್ಳೆಯ ಆಯ್ಕೆ. ಹೆಸರುಗಳ ಪಟ್ಟಿಗಿಂತ ಹೋಲಿಕೆ ಮಗುವಿನ ತಲೆಯನ್ನು ಕೆಲಸಕ್ಕೆ ಹಚ್ಚುತ್ತದೆ.

ಮತ್ತು ಬ್ರೆಜಿಲ್ ನಮ್ಮವರಿಗೆ ತಿಳಿದಷ್ಟು ದೂರದ್ದಲ್ಲ. 1500ರಲ್ಲಿ ಲಿಸ್ಬನ್ನಿನಿಂದ ಹೊರಟ ಕಬ್ರಾಲ್ ಬ್ರೆಜಿಲಿನ ತೀರವನ್ನು ಮುಟ್ಟಿ, ಅದೇ ಯಾತ್ರೆಯಲ್ಲಿ ಕಲ್ಲಿಕೋಟೆಗೆ ಬಂದನು. ಅವನ ಹಿಂದೆ ಬಂದ ಪೋರ್ತುಗೀಜರು ತಂದ ಗೇರುಮರ ನಮ್ಮ ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ಬೇರೂರಿತು. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಲ್ಲಿ ಸಾವಿರಾರು ಹೆಂಗಸರು ಬೀಜ ಒಡೆದು ಮಕ್ಕಳನ್ನು ಓದಿಸಿದರು. ಆ ಮಕ್ಕಳಲ್ಲಿ ಎಷ್ಟೋ ಮಂದಿ ಮುಂಬಯಿಗೆ ಬಂದರು. ಅನಾನಸು ಎಂಬ ಹಣ್ಣೂ ಆ ಹೆಸರೂ ಅಲ್ಲಿಯವೇ. ರಬ್ಬರು ಮರದ ತವರೂ ಅಮೆಜಾನ್ ಕಾಡು. ನಮ್ಮಿಂದ ಅಲ್ಲಿಗೂ ಹೋಗಿದೆ: ಆಂಧ್ರದ ಓಂಗೋಲ್ ತಳಿಯ ಹಸುಗಳ ಸಂತತಿ ಇಂದು ಬ್ರೆಜಿಲಿನ ಹುಲ್ಲುಗಾವಲುಗಳಲ್ಲಿ ‘ನೆಲ್ಲೂರು’ ಎಂಬ ಹೆಸರಿನಲ್ಲಿ ಮೇಯುತ್ತಿದೆ. ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಬ್ರೆಜಿಲಿನಲ್ಲಿ ಹಿಮ ಬಿತ್ತೆಂಬ ಸುದ್ದಿಯನ್ನು ಮಂಗಳೂರಿನ ಮಳೆಯ ಸುದ್ದಿಗಿಂತ ಹೆಚ್ಚು ಗಮನವಿಟ್ಟು ಕೇಳುತ್ತಾನೆ. ಅಲ್ಲಿಯ ಬೆಳೆ ಕೆಟ್ಟರೆ ಇಲ್ಲಿಯ ದರ ಏರುತ್ತದೆ.

ಹತ್ತನೆಯ ಇಯತ್ತೆಯ ಮಕ್ಕಳಿರುವ ಮನೆಯವರು ರಜೆಯಲ್ಲಿ ಊರಿಗೆ ಹೋಗುವಾಗ ಅಟ್ಲಾಸನ್ನೂ ಜೊತೆಗಿಟ್ಟುಕೊಳ್ಳಬಹುದು. 1998ರ ಜನವರಿಯಿಂದ ಪೂರ್ತಿಯಾಗಿ ಓಡುತ್ತಿರುವ ಕೊಂಕಣ ರೈಲ್ವೆ 90ಕ್ಕೂ ಹೆಚ್ಚು ಸುರಂಗಗಳನ್ನೂ ಸುಮಾರು 2,000 ಸೇತುವೆಗಳನ್ನೂ ದಾಟಿಸುತ್ತದೆ. ಸುರಂಗ ಬಂದರೆ ಸಹ್ಯಾದ್ರಿಯ ಕವಲೊಂದು ಕಡಲ ಕಡೆಗೆ ಚಾಚಿದೆಯೆಂದು ಅರ್ಥ. ಸೇತುವೆ ಬಂದರೆ ಎರಡು ಕವಲುಗಳ ನಡುವಿನ ಹೊಳೆ. ರತ್ನಾಗಿರಿಯ ಬಳಿಯ ಕರಬುಡೆ ಸುರಂಗ 6.5 ಕಿಲೋಮೀಟರ್, ಮಕ್ಕಳು ಗಡಿಯಾರ ಹಿಡಿದು ನೋಡಲಿ. ಹೊನ್ನಾವರದ ಬಳಿ ಶರಾವತಿಯ ಮೇಲಿನ ಸೇತುವೆ ಈ ಮಾರ್ಗದಲ್ಲೆಲ್ಲ ಉದ್ದವಾದದ್ದು, ಎರಡು ಕಿಲೋಮೀಟರಿಗೂ ಮಿಕ್ಕಿದೆ. ಜೋಗದಲ್ಲಿ ಬಿದ್ದು ಬಂದ ನೀರು ಅಲ್ಲಿ ಹರಿಯುವುದೇ ಕಾಣದಷ್ಟು ನಿಧಾನವಾಗಿ ಹರಡಿಕೊಂಡಿರುತ್ತದೆ. ಮಂಗಳೂರಿನ ಕಡೆಗೆ ಹೋಗುವಾಗ ಬಲಗಡೆಯ ಕಿಟಕಿಯಲ್ಲಿ ಕುಳಿತರೆ ಅದು ಕಡಲಿನತ್ತ ಅಗಲವಾಗುತ್ತ ಹೋಗುವುದು ಕಾಣುತ್ತದೆ. ಅದಕ್ಕೆ ನಮ್ಮಲ್ಲಿ ಅಳಿವೆ ಎನ್ನುತ್ತಾರೆಂದು ಮಕ್ಕಳಿಗೆ ಅಲ್ಲೇ ಹೇಳಿಕೊಡಬಹುದು.